ಭಿನ್ನಮತದ ಹೊಣೆ: ರಾಜಾಜಿಯವರ ರಾಷ್ಟ್ರಚಿಂತನೆ ಮತ್ತು ವಿದೇಶಾಂಗ ನಿಲುವುಗಳು

ಹೊಸೂರು ಪಟ್ಟಣದ ಸಮೀಪದಲ್ಲಿ ತೊರಪಳ್ಳಿ ಎಂಬ ಗ್ರಾಮವಿದೆ. ಕನ್ನಡ, ತೆಲುಗು, ತಮಿಳು ಮೂರೂ ನುಡಿಗಳು ಬೆರೆತು ಬಾಳುವ ಈ ಸೀಮೆಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಜನಿಸಿದರು. ತಂದೆ ಗ್ರಾಮದ ಮುನ್ಸೀಫರು, ಮನೆಮಾತು ತಮಿಳು. ಹೊಸೂರಿನ ಶಾಲೆಯಲ್ಲಿ ಕಲಿತ ಬಾಲಕ ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದು, ಸೇಲಂನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ಆಗಿ 1948ರ ಜೂನ್‌ನಿಂದ 1950ರ ಜನವರಿಯವರೆಗೆ ಕಾರ್ಯ ನಿರ್ವಹಿಸಿದ ರಾಜಾಜಿ ಇವರೇ.

ಪದವಿಗಳ ಪಟ್ಟಿಯಿಂದ ಈ ವ್ಯಕ್ತಿತ್ವವನ್ನು ಅಳೆಯಲಾಗದು. ತಮ್ಮ ಪಕ್ಷ, ತಮ್ಮ ಮಿತ್ರರು, ತಮ್ಮ ಕಾಲದ ಜನಾಭಿಪ್ರಾಯ ಇವೆಲ್ಲವೂ ಒಂದು ಕಡೆಗಿದ್ದಾಗ ಮತ್ತೊಂದು ಕಡೆಗೆ ನಿಂತು ಮಾತನಾಡಿದವರು ಎಂಬ ಕಾರಣಕ್ಕಾಗಿ ಅವರ ಬದುಕು ಅಧ್ಯಯನಯೋಗ್ಯವಾಗಿದೆ. ವೈಚಾರಿಕ ಗದ್ಯವನ್ನು ಅಭ್ಯಸಿಸುವ ಐಚ್ಛಿಕ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಒಂದು ಮೂಲಭೂತ ಪ್ರಶ್ನೆ ಎದುರಾಗುತ್ತದೆ: ಒಂದು ಅಭಿಪ್ರಾಯವನ್ನು ‘ಸ್ವತಂತ್ರ’ ಎಂದು ಕರೆಯಲು ಆಧಾರವೇನು?

1. ಪದಾರ್ಥ ವಿಚಾರ

‘ತಂತ್ರ’ ಎಂಬುದಕ್ಕೆ ಕಟ್ಟುಪಾಡು, ವ್ಯವಸ್ಥೆ ಎಂಬ ಅರ್ಥಗಳಿವೆ. ತನ್ನದೇ ಕಟ್ಟುಪಾಡಿಗೆ ಒಳಪಟ್ಟವನು ಸ್ವತಂತ್ರ. ಪರರ ಕಟ್ಟುಪಾಡಿಗೆ ಒಳಪಟ್ಟವನು ಪರತಂತ್ರ. ಯಾವ ಕಟ್ಟುಪಾಡನ್ನೂ ಒಪ್ಪದವನಿಗೆ ‘ಸ್ವಚ್ಛಂದ’, ‘ಸ್ವೈರ’ ಎಂಬ ಬೇರೆಯೇ ಪದಗಳಿವೆ. ಸಂಸ್ಕೃತ ವ್ಯಾಕರಣವು ಕರ್ತೃವನ್ನು ಸ್ವತಂತ್ರನೆಂದು ನಿರೂಪಿಸುತ್ತದೆ. ಕ್ರಿಯೆಯ ಹೊಣೆ ಅವನದು. ಆದುದರಿಂದ ಸ್ವತಂತ್ರ ಅಭಿಪ್ರಾಯಕ್ಕೆ ಎರಡು ಲಕ್ಷಣಗಳನ್ನು ಹೇಳಬಹುದು. ಅದು ಒಂದು ತತ್ತ್ವಕ್ಕೆ ಬದ್ಧವಾಗಿರಬೇಕು. ಅದರ ಪರಿಣಾಮವನ್ನು ಹೇಳಿದವನೇ ಹೊರಬೇಕು. ಈ ಎರಡು ಲಕ್ಷಣಗಳನ್ನು ಇಟ್ಟುಕೊಂಡು ರಾಜಾಜಿಯವರ ನಿಲುವುಗಳನ್ನು ಪರೀಕ್ಷಿಸಬಹುದು.

2. 1942: ಒಂಟಿ ನಿಲುವು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೇನೆ ಬರ್ಮಾವನ್ನು ಆಕ್ರಮಿಸಿ ಭಾರತದ ಬಾಗಿಲಿಗೆ ಬಂದಿತ್ತು. ಕ್ರಿಪ್ಸ್ ಆಯೋಗದ ಸಂಧಾನ ಮುರಿದುಬಿದ್ದಿತ್ತು. ಈ ಸ್ಥಿತಿಯಲ್ಲಿ ಮುಸ್ಲಿಂ ಲೀಗಿನೊಡನೆ ಒಪ್ಪಂದ ಮಾಡಿಕೊಳ್ಳದೆ ರಾಷ್ಟ್ರೀಯ ಸರ್ಕಾರ ರಚನೆಯಾಗದು, ರಾಷ್ಟ್ರೀಯ ಸರ್ಕಾರವಿಲ್ಲದೆ ದೇಶರಕ್ಷಣೆ ಸಾಧ್ಯವಾಗದು ಎಂಬುದು ರಾಜಾಜಿಯವರ ತರ್ಕ. ಪ್ರತ್ಯೇಕತೆಯ ಬೇಡಿಕೆಯನ್ನು ತಾತ್ತ್ವಿಕವಾಗಿ ಒಪ್ಪಿ ಮಾತುಕತೆ ನಡೆಸಬೇಕೆಂಬ ಅವರ ಸೂಚನೆಯನ್ನು ಅಲಹಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ 120ಕ್ಕೆ 15 ಮತಗಳಿಂದ ತಿರಸ್ಕರಿಸಿತು. ಅವರು ಪಕ್ಷದ ಸದಸ್ಯತ್ವಕ್ಕೂ ಶಾಸನಸಭೆಯ ಸ್ಥಾನಕ್ಕೂ ರಾಜೀನಾಮೆ ನೀಡಿದರು. ಆಗಸ್ಟ್‌ನಲ್ಲಿ ಆರಂಭವಾದ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಪಾಲ್ಗೊಳ್ಳಲಿಲ್ಲ. ಸಹೋದ್ಯೋಗಿಗಳು ಸೆರೆಮನೆಯಲ್ಲಿದ್ದಾಗ ಹೊರಗೆ ಉಳಿದವರೆಂಬ ನಿಂದೆಯನ್ನು ಬಹುಕಾಲ ಹೊರಬೇಕಾಯಿತು.

1944ರಲ್ಲಿ ಪ್ರಕಟವಾದ ರಾಜಾಜಿ ಸೂತ್ರ ಇದೇ ತರ್ಕದ ಮುಂದುವರಿಕೆ. ಲೀಗು ಸ್ವಾತಂತ್ರ್ಯದ ಬೇಡಿಕೆಯನ್ನು ಬೆಂಬಲಿಸಬೇಕು. ಯುದ್ಧಾನಂತರ ಮುಸ್ಲಿಂ ಬಹುಸಂಖ್ಯಾತವಾದ ವಾಯವ್ಯ ಮತ್ತು ಪೂರ್ವದ ಹೊಂದಿಕೊಂಡ ಜಿಲ್ಲೆಗಳನ್ನು ಗುರುತಿಸಿ, ಅಲ್ಲಿನ ಎಲ್ಲ ನಿವಾಸಿಗಳ ಮತ ಪಡೆಯಬೇಕು. ಬೇರ್ಪಟ್ಟರೂ ರಕ್ಷಣೆ, ವಾಣಿಜ್ಯ, ಸಂಪರ್ಕಗಳಿಗೆ ಪರಸ್ಪರ ಒಪ್ಪಂದವಿರಬೇಕು ಎಂಬುದು ಅದರ ಸಾರ. ಈ ಸೂತ್ರದ ಆಧಾರದ ಮೇಲೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಮತ್ತು ಜಿನ್ನಾ ನಡೆಸಿದ ಮಾತುಕತೆ ಫಲಿಸಲಿಲ್ಲ. ಮೂರು ವರ್ಷಗಳ ಬಳಿಕ ವಿಭಜನೆ ನಡೆದೇಹೋಯಿತು. ಜೊತೆಗೆ ರಕ್ತಪಾತವೂ ನಡೆಯಿತು. ಸೂತ್ರವನ್ನು ಒಪ್ಪಿದ್ದರೆ ದುರಂತ ತಪ್ಪುತ್ತಿತ್ತೆಂದು ನಿರ್ಣಯಿಸಲು ಇತಿಹಾಸದಲ್ಲಿ ಆಧಾರವಿಲ್ಲ. ಆದರೆ ಕಹಿಯಾದ ಸಂಗತಿಯನ್ನು ಮೊದಲೇ ಎದುರಿಸಬೇಕೆಂಬ ಅವರ ವಾದಕ್ಕೆ ತೂಕವಿತ್ತು ಎಂಬುದನ್ನು ಒಪ್ಪಬೇಕಾಗುತ್ತದೆ.

3. ಅಣ್ವಸ್ತ್ರ ವಿರೋಧ

ವಿದೇಶಾಂಗ ವಿಷಯಗಳಲ್ಲಿ ರಾಜಾಜಿಯವರನ್ನು ಹೆಚ್ಚು ಕಾಡಿದ್ದು ಅಣುಬಾಂಬು. 1954ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು, ಎದುರಾಳಿಯ ಒಪ್ಪಿಗೆಗೆ ಕಾಯದೆ ಅಮೆರಿಕವೇ ಈ ಅಸ್ತ್ರವನ್ನು ತ್ಯಜಿಸಬೇಕೆಂದು ಮನವಿ ಮಾಡಿದರು. 1962ರ ಸೆಪ್ಟೆಂಬರ್‌ನಲ್ಲಿ, 83ನೆಯ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದೊಡನೆ ವಾಷಿಂಗ್‌ಟನ್‌ಗೆ ತೆರಳಿ ಅಧ್ಯಕ್ಷ ಕೆನಡಿಯವರನ್ನು ಭೇಟಿಯಾಗಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸುವಂತೆ ಕೋರಿದರು. ಆ ನಿಯೋಗದಲ್ಲಿದ್ದ ಇನ್ನಿಬ್ಬರು ಕನ್ನಡನಾಡಿಗೆ ಸೇರಿದವರೆಂಬುದು ಗಮನಾರ್ಹ: ಧಾರವಾಡದ ಲೇಖಕ, ಪತ್ರಕರ್ತ ರಂಗನಾಥ ದಿವಾಕರ ಹಾಗೂ ಮಂಗಳೂರು ಮೂಲದ ಬೆನೆಗಲ್ ಶಿವರಾವ್. ಮರುವರ್ಷ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್‌ಗಳು ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಅದಕ್ಕೆ ಈ ಭೇಟಿಯೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆಗ ದೇಶದೊಳಗೆ ರಾಜಾಜಿ ನೆಹರೂ ಸರ್ಕಾರದ ಕಟು ವಿಮರ್ಶಕರು. ಆದರೂ ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ವಿಚಾರದಲ್ಲಿ ಇಬ್ಬರ ಧ್ವನಿಯೂ ಒಂದೇ ಆಗಿತ್ತು. ವಿರೋಧ ಪಕ್ಷದಲ್ಲಿದ್ದೇವೆಂಬ ಕಾರಣಕ್ಕೆ ಸರ್ಕಾರದ ಎಲ್ಲ ನಿಲುವನ್ನೂ ವಿರೋಧಿಸುವುದು ಇನ್ನೊಂದು ಬಗೆಯ ಪರತಂತ್ರತೆ; ಅದಕ್ಕೆ ಅವರು ಒಳಗಾಗಲಿಲ್ಲ.

4. ಅಲಿಪ್ತ ನೀತಿ, ಚೀನಾ, ಕಾಶ್ಮೀರ

1962ರ ಅಕ್ಟೋಬರ್‌ನಲ್ಲಿ ಚೀನಾದೊಡನೆ ಯುದ್ಧ ಆರಂಭವಾಯಿತು. ಯಾವ ಬಣಕ್ಕೂ ಸೇರದೆ ಉಳಿಯುವ ಅಲಿಪ್ತ ನೀತಿ, ನೆರೆರಾಷ್ಟ್ರವೇ ಆಕ್ರಮಿಸಿದಾಗ ರಕ್ಷಣೆ ನೀಡಲಾರದು ಎಂದು ರಾಜಾಜಿ ವಾದಿಸಿದರು. ಪಾಶ್ಚಾತ್ಯ ಪ್ರಜಾಪ್ರಭುತ್ವ ರಾಷ್ಟ್ರಗಳ ನೆರವನ್ನು ಸಂಕೋಚವಿಲ್ಲದೆ ಪಡೆಯಬೇಕು, ಪಾಕಿಸ್ತಾನದೊಡನೆ ರಾಜಿ ಮಾಡಿಕೊಂಡು ಉಪಖಂಡದ ಒಳಜಗಳವನ್ನು ಮುಗಿಸಬೇಕು ಎಂಬುದು ಅವರ ಸಲಹೆ. ಅಣ್ವಸ್ತ್ರಕ್ಕಾಗಿ ಅಮೆರಿಕವನ್ನು ಎಚ್ಚರಿಸಿದವರೇ ಅದರ ಸ್ನೇಹವನ್ನು ಸಲಹೆ ಮಾಡಿದ್ದರಲ್ಲಿ ವಿರೋಧವಿಲ್ಲ. ಮಿತ್ರನ ತಪ್ಪನ್ನು ಮಿತ್ರನೆದುರೇ ಹೇಳಬಹುದೆಂಬ ನಂಬಿಕೆ ಎರಡಕ್ಕೂ ಆಧಾರವಾಗಿದೆ.

1964ರ ಏಪ್ರಿಲ್‌ನಲ್ಲಿ ಬಿಡುಗಡೆಗೊಂಡ ಶೇಖ್ ಅಬ್ದುಲ್ಲಾ ನೆಹರೂ ಅವರೊಡನೆ ಚರ್ಚಿಸಿ, ಬಳಿಕ ಮದರಾಸಿಗೆ ಬಂದು ರಾಜಾಜಿಯವರನ್ನು ಕಂಡರು. ಕಾಶ್ಮೀರ ಕುರಿತು ಸಂಧಾನದ ಮಾತೆತ್ತುವುದೇ ದೇಶದ್ರೋಹವೆಂದು ಹಲವರು ಭಾವಿಸಿದ್ದ ಕಾಲದಲ್ಲಿ, ವಯೋವೃದ್ಧ ರಾಜಕಾರಣಿ ತಮ್ಮ ಪಕ್ಷದ ಲಾಭವನ್ನು ಬದಿಗಿಟ್ಟು ಪ್ರಧಾನಿಯ ಯತ್ನಕ್ಕೆ ಬೆಂಬಲವಾಗಿ ನಿಂತರು. ಮೇ 27ರಂದು ನೆಹರೂ ನಿಧನರಾದರು. ಆ ಯತ್ನ ಅಲ್ಲಿಗೇ ನಿಂತಿತು.

5. ಸ್ವತಂತ್ರ ಪಕ್ಷ

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಸಾಮೂಹಿಕ ಬೇಸಾಯದ ನಿರ್ಣಯ ಕೈಗೊಂಡಿತು. ಅದೇ ವರ್ಷ ರಾಜಾಜಿ, ಎನ್. ಜಿ. ರಂಗಾ, ಮಿನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ಉದ್ಯಮ, ಬೇಸಾಯ, ವ್ಯಾಪಾರಗಳು ಸರ್ಕಾರಿ ಪರವಾನಗಿಗೆ ಕಾಯುವಂತಾದರೆ ಅಧಿಕಾರಿಗಳಲ್ಲಿ ಭ್ರಷ್ಟತೆಯೂ ಪ್ರಜೆಗಳಲ್ಲಿ ದೈನ್ಯವೂ ಬೆಳೆಯುತ್ತವೆ ಎಂಬುದು ಅವರ ಮುಖ್ಯ ಆಕ್ಷೇಪ. ಮೂಲತತ್ತ್ವಗಳ ವ್ಯಾಪ್ತಿಗೆ ಬಾರದ ವಿಷಯಗಳಲ್ಲಿ ಸದಸ್ಯರು ಭಿನ್ನಾಭಿಪ್ರಾಯ ಹೊಂದಬಹುದೆಂದು ಈ ಪಕ್ಷ ಘೋಷಿಸಿಕೊಂಡಿತ್ತು. 1967ರ ಲೋಕಸಭಾ ಚುನಾವಣೆಯಲ್ಲಿ 44 ಸ್ಥಾನಗಳನ್ನು ಗಳಿಸಿದ ಪಕ್ಷ 1971ರಲ್ಲಿ 8ಕ್ಕೆ ಕುಸಿಯಿತು. ಜಮೀನ್ದಾರರ, ಧನಿಕರ ಪಕ್ಷವೆಂಬ ಟೀಕೆ ಅದನ್ನು ಕೊನೆಯವರೆಗೂ ಹಿಂಬಾಲಿಸಿತು. ಹಲವು ಮಾಜಿ ರಾಜವಂಶಸ್ಥರು ಅದರಲ್ಲಿದ್ದುದರಿಂದ ಆ ಟೀಕೆ ನಿರಾಧಾರವೂ ಆಗಿರಲಿಲ್ಲ.

6. ಭಾಷೆ: ಬದಲಾದ ನಿಲುವು

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಹೆಚ್ಚು ಹತ್ತಿರವಾದ ಭಾಗ ಇದು. 1937ರಲ್ಲಿ ರಾಜಾಜಿ ಮದರಾಸು ಪ್ರಾಂತದ ಪ್ರಧಾನಿಯಾದರು. ಆ ಪ್ರಾಂತದಲ್ಲಿ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಿದ್ದವು. ಇಂದು ಹೊರನಾಡೆನಿಸಿದ ಕಾಸರಗೋಡು, ಹೊಸೂರು, ಆದೋನಿ, ರಾಯದುರ್ಗ ಸೀಮೆಗಳೂ ಇದ್ದವು. ಅವರ ಸರ್ಕಾರ ಪ್ರೌಢಶಾಲೆಗಳಲ್ಲಿ ಹಿಂದುಸ್ತಾನಿಯನ್ನು ಕಡ್ಡಾಯಗೊಳಿಸಲು ಮುಂದಾಯಿತು. ತಮಿಳು ಪ್ರದೇಶದಲ್ಲಿ ತೀವ್ರ ಚಳವಳಿ ನಡೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಮನೆ ಸೇರಿದರು. ಇಬ್ಬರು ಬಂಧನದಲ್ಲಿದ್ದಾಗಲೇ ಸತ್ತರು. ಸಚಿವ ಸಂಪುಟ ರಾಜೀನಾಮೆ ನೀಡಿದ ನಂತರ, 1940ರಲ್ಲಿ ಆ ಆಜ್ಞೆ ರದ್ದಾಯಿತು. ಎರಡು ದಶಕಗಳ ಬಳಿಕ ಇದೇ ರಾಜಾಜಿ ಹಿಂದಿಯನ್ನು ಏಕೈಕ ಅಧಿಕೃತ ಭಾಷೆಯಾಗಿಸುವುದನ್ನು ಪ್ರಬಲವಾಗಿ ವಿರೋಧಿಸಿದರು. ಹಿಂದಿಯೇತರ ಪ್ರದೇಶದ ಜನ ತಮ್ಮದೇ ದೇಶದಲ್ಲಿ ಎರಡನೆಯ ದರ್ಜೆಯವರಾಗಬಾರದೆಂಬುದು ಅವರ ವಾದದ ತಿರುಳು.

ಭಾಷಾವಾರು ಪ್ರಾಂತ ರಚನೆಯ ವಿಚಾರದಲ್ಲಿ ಅವರು ಜನಾಭಿಪ್ರಾಯಕ್ಕೆ ಎದುರಾಗಿದ್ದರು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಮಡಿದರು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಭಾಷೆಯ ಹೆಸರಿನಲ್ಲಿ ಎಳೆದ ಗೆರೆಯಾಚೆಗೂ ಭಾಷಿಕರು ಉಳಿದೇ ಉಳಿಯುತ್ತಾರೆ ಎಂಬುದನ್ನು ಗಡಿನಾಡಿನ ತರಗತಿಯಲ್ಲಿ ವಿವರಿಸಬೇಕಾಗಿಲ್ಲ. ಹಾಗೆಂದು ಜನತೆ ತನ್ನ ಭಾಷೆಯಲ್ಲಿ ಆಡಳಿತ ಬಯಸಿದ್ದು ತಪ್ಪೆನ್ನಲೂ ಆಗದು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿಯುವುದು ವಿವೇಚನೆಯ ಕೆಲಸ.

7. ವಿಮರ್ಶೆ

ಅಭಿಪ್ರಾಯ ಬದಲಾವಣೆ ದೌರ್ಬಲ್ಯವೇ? ಬದಲಾವಣೆಯ ಕಾರಣವನ್ನು ನೋಡಿಯೇ ಉತ್ತರ ಹೇಳಬೇಕು. ಪಕ್ಷಾಂತರಕ್ಕಾಗಿ, ಪದವಿಗಾಗಿ ಬದಲಾದ ಮಾತು ಬೇರೆ. ಅನುಭವದಿಂದ ತಿದ್ದಿಕೊಂಡ ಮಾತು ಬೇರೆ. ಆದರೆ ರಾಜಾಜಿಯವರನ್ನು ಈ ಮಾನದಂಡದಿಂದ ಪೂರ್ಣವಾಗಿ ಬಿಡುಗಡೆ ಮಾಡುವಂತಿಲ್ಲ. ವ್ಯಕ್ತಿಸ್ವಾತಂತ್ರ್ಯದ ವಕ್ತಾರರಾದ ಅವರೇ 1951ರಲ್ಲಿ ಕೇಂದ್ರ ಗೃಹಸಚಿವರಾಗಿ ಪತ್ರಿಕೆಗಳನ್ನು ನಿಯಂತ್ರಿಸುವ ಮಸೂದೆಯನ್ನು ಮಂಡಿಸಿ ಸಮರ್ಥಿಸಿದ್ದರು. 1953ರಲ್ಲಿ ಅವರು ತಂದ ಪ್ರಾಥಮಿಕ ಶಿಕ್ಷಣ ಯೋಜನೆ ಶಾಲೆಯ ಅವಧಿಯನ್ನು ಮೊಟಕುಗೊಳಿಸಿ ಮಕ್ಕಳನ್ನು ಮನೆಯ ಕಸುಬಿನತ್ತ ಕಳುಹಿಸುವಂತಿತ್ತು. ಅದು ಜಾತಿವೃತ್ತಿಯನ್ನು ಗಟ್ಟಿಗೊಳಿಸುತ್ತದೆಂದು ವ್ಯಾಪಕ ವಿರೋಧ ಎದ್ದು, 1954ರಲ್ಲಿ ಅವರು ಅಧಿಕಾರ ಬಿಡುವುದಕ್ಕೆ ಕಾರಣವಾಯಿತು. ಅಧಿಕಾರದಲ್ಲಿದ್ದಾಗ ಇತರರ ಭಿನ್ನಮತಕ್ಕೆ ಕಿವಿಗೊಡುವುದು, ಅಧಿಕಾರವಿಲ್ಲದಾಗ ತಾನು ಭಿನ್ನಮತ ಹೇಳುವುದಕ್ಕಿಂತ ಕಠಿಣವೆಂಬುದು ಈ ಪ್ರಸಂಗಗಳಿಂದ ತಿಳಿಯುತ್ತದೆ.

ಮೊದಲು ಹೇಳಿದ ಎರಡು ಲಕ್ಷಣಗಳಲ್ಲಿ ಎರಡನೆಯದನ್ನು ರಾಜಾಜಿ ನಿಸ್ಸಂದೇಹವಾಗಿ ಪೂರೈಸಿದರು. ತಮ್ಮ ಮಾತಿನ ಬೆಲೆಯನ್ನು ತಾವೇ ತೆತ್ತರು. ಮೊದಲನೆಯದನ್ನು ಕೆಲವೆಡೆ ಪೂರೈಸಿದರು, ಕೆಲವೆಡೆ ತಪ್ಪಿದರು. ಗೌರವಿಸುತ್ತಲೇ ಒಪ್ಪದಿರುವುದು, ಒಪ್ಪದಿದ್ದರೂ ಗೌರವ ಉಳಿಸಿಕೊಳ್ಳುವುದು ಓದುಗನಿಗೂ ಅನ್ವಯಿಸುವ ಧರ್ಮ. 1972ರ ಡಿಸೆಂಬರ್ 25ರಂದು ತೀರಿಕೊಂಡ ಈ ತೊರಪಳ್ಳಿಯ ಮಗನನ್ನು ಓದುವ ಕ್ರಮವೂ ಅದೇ ಆಗಿರಲಿ.

ಅಭ್ಯಾಸಕ್ಕಾಗಿ

ಅ. ಸ್ವತಂತ್ರ, ಪರತಂತ್ರ, ಸ್ವಚ್ಛಂದ ಈ ಪದಗಳ ಅರ್ಥಭೇದವನ್ನು ಸ್ವಂತ ವಾಕ್ಯಗಳ ಮೂಲಕ ಸ್ಪಷ್ಟಪಡಿಸಿರಿ.
ಆ. 1942ರಲ್ಲಿ ರಾಜಾಜಿ ಕೈಗೊಂಡ ನಿಲುವಿನ ತರ್ಕವನ್ನು ನಿರೂಪಿಸಿ, ಅದಕ್ಕೆ ಪ್ರತಿವಾದವನ್ನು ರಚಿಸಿರಿ.
ಇ. ಭಾಷಾನೀತಿಯಲ್ಲಿ ಅವರ ನಿಲುವು ಬದಲಾದುದನ್ನು ಗಡಿನಾಡಿನ ಅನುಭವದ ಹಿನ್ನೆಲೆಯಲ್ಲಿ ವಿಮರ್ಶಿಸಿರಿ.
ಈ. ಭಿನ್ನಮತವನ್ನು ವ್ಯಕ್ತಿನಿಂದೆಯಿಲ್ಲದೆ ಮಂಡಿಸುವ ಒಂದು ಪುಟದ ವೈಚಾರಿಕ ಲೇಖನ ಬರೆಯಿರಿ.