ಮುಖವು ಬಾತುಕೊಳ್ಳುವದರ ವಿಷಯ

ಮುಖದಲ್ಲಿ ಬಾವು ಕಂಡರೆ ದೃಷ್ಟಿ ತಗಲಿತೆಂದಾಗಲಿ ನಿದ್ರೆ ಹೆಚ್ಚಾಯಿತೆಂದಾಗಲಿ ಹೇಳಿ ಸುಮ್ಮನಿರುವದು ನಮ್ಮ ಹಳ್ಳಿಗಳ ವಾಡಿಕೆ. ಹುಳುಕು ಹಲ್ಲು, ಜೇನಿನ ಕಡಿತ ಮುಂತಾದ ಕಾರಣವು ಕಣ್ಣಿಗೆ ಕಂಡರೆ ಅದಕ್ಕೆ ತಕ್ಕ ಚಿಕಿತ್ಸೆಯುಂಟು. ಕಾರಣ ಕಾಣದೆ ಬಾವು ದಿನದಿನವೂ ಬರುತ್ತಿದ್ದರೆ ಅದರ ಮೂಲವು ಮುಖದಲ್ಲಲ್ಲ, ದೇಹದೊಳಗೆ ಬೇರೊಂದು ಕಡೆಯಲ್ಲಿರಬಹುದು.

ಮೊದಲು ಮಕ್ಕಳ ವಿಷಯ. ಮೂತ್ರಪಿಂಡಗಳು ಕೆಟ್ಟರೆ ಬೆಳಿಗ್ಗೆ ಏಳುವಾಗ ಕಣ್ಣುರೆಪ್ಪೆಗಳು ಬಾತಿರುವವು, ಹೊತ್ತೇರಿದಂತೆ ಇಳಿದುಹೋಗುವವು. ಮಾರಿಕುಪ್ಪದಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತಂದೆಯು ಬಾವನ್ನು ನೋಡುವನು. ಮಧ್ಯಾಹ್ನ ಅದೇ ಮಗುವಿಗೆ ಊಟವಿಕ್ಕುವ ಅಜ್ಜಿಯು ಏನೂ ಇಲ್ಲವೆನ್ನುವಳು. ಇಬ್ಬರ ಮಾತೂ ನಿಜವೇ. ಗಂಟಲುನೋವಾಗಲಿ ಕೀವುಗಜ್ಜಿಯಾಗಲಿ ಬಂದ ಕೆಲವು ವಾರಗಳೊಳಗೆ ಮೂತ್ರವು ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಯಾವಾಗಲೂ ನೊರೆನೊರೆಯಾಗಿದ್ದರೆ, ತಡಮಾಡಕೂಡದು. ಲಂಡನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1827ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ರೋಗಿಗಳ ಮೂತ್ರವನ್ನು ಕಾಯಿಸಲು ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವದೆಂದು ತೋರಿಸಿದನು. ಒಂದು ಚಮಚವೂ ಒಂದು ಮೇಣದ ಬತ್ತಿಯೂ ಅವನಿಗೆ ಸಾಕಾಗಿದ್ದವು. ರಕ್ತದ ಸಾರವು ಹೊರಗೆ ಸೋರಿಹೋಗುವದಕ್ಕೆ ಅದೇ ಗುರುತು. ಈಗ ಆ ಪರೀಕ್ಷೆಯು ಕೆಲವು ನಿಮಿಷಗಳ ಕೆಲಸ.

ಇನ್ನು ಗಣಿಯಲ್ಲಿ ದುಡಿದ ಹಿರಿಯರ ವಿಷಯ. ಚಿನ್ನದ ಗಣಿಗಳು 2001ನೇ ಇಸವಿ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಬಂಡೆ ಕೊರೆದವರ ಶ್ವಾಸಕೋಶದಲ್ಲಿ ಸೇರಿದ ಧೂಳು ಮಾತ್ರ ಅಲ್ಲಿಯೇ ಉಳಿಯಿತು. ಸಿಲಿಕಾ ಎಂಬ ಆ ಕಲ್ಲುಧೂಳು ಕ್ಯಾನ್ಸರನ್ನುಂಟುಮಾಡುವದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಪ್ರಕಟಿಸಿತು. ಬೀಡಿ ಸೇದಿದವರಿಗೆ ಅಪಾಯವು ಮತ್ತೂ ಹೆಚ್ಚು. ತಲೆಯಿಂದಲೂ ಕೈಗಳಿಂದಲೂ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ನಾಳವು ಎದೆಯೊಳಗೆ ಬಲಗಡೆಯಲ್ಲಿದೆ. ಅದರ ಗೋಡೆ ತೆಳುವಾದದ್ದು. ಗಡ್ಡೆಯಾಗಲಿ ಊದಿದ ಗ್ರಂಥಿಯಾಗಲಿ ಅದನ್ನು ಅದುಮಿದರೆ ರಕ್ತವು ಇಳಿಯಲಾರದೆ ಮುಖವೂ ಕುತ್ತಿಗೆಯೂ ಬಾಯುವವು. ಅಂಗಿಯ ಕೊರಳಗುಂಡಿ ಹಾಕಲಾಗದು. ಬಗ್ಗಿದರೆ ತಲೆಯು ತುಂಬಿಬಂದಂತಾಗುವದು. ಎದೆಯ ಮೇಲೆ ನೀಲಿ ನರಗಳು ಎದ್ದುಕಾಣುವವು. ಮಲಗಿದರೆ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬು ಬೇಕಾಗುವದು. ಇದನ್ನು ಮುದಿತನದ ಊತವೆಂದು ತಳ್ಳಿಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಗಣಿಯಲ್ಲಿ ಎಷ್ಟು ವರುಷ, ಯಾವ ಕೆಲಸ ಎಂಬದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ.

ಮಂಡಿನೋವಿಗೆಂದು ಅಂಗಡಿಯಲ್ಲಿ ಕೊಂಡ ಮಾತ್ರೆಗಳಿಂದ ಮುಖವು ದುಂಡಗಾದರೆ ಮೈ ಹಿಡಿಯಿತೆಂದು ಸಂತೋಷಪಡುವವರುಂಟು. ಅದು ಪ್ರೆಡ್ನಿಸೋಲೋನಿನಂಥ ಔಷಧದ ಫಲವಾಗಿರಬಹುದು. ಬಹುಕಾಲ ನುಂಗಿದ ಮೇಲೆ ಥಟ್ಟನೆ ನಿಲ್ಲಿಸುವದೂ ಅಪಾಯವೇ. ಮಾತ್ರೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿರಿ.

ರಕ್ತದೊತ್ತಡಕ್ಕಾಗಿ ಎನಲಾಪ್ರಿಲ್ ತೆಗೆದುಕೊಳ್ಳುವವರಿಗೆ ತುಟಿಯೂ ನಾಲಿಗೆಯೂ ಹಠಾತ್ತಾಗಿ ಬಾತರೆ, ವರುಷಗಳಿಂದ ಅದೇ ಮಾತ್ರೆಯು ಒಗ್ಗಿದ್ದರೂ, ಕೂಡಲೆ 108ಕ್ಕೆ ಕರೆಮಾಡಬೇಕು. ಮುಂದಿನ ಮಾತ್ರೆಯನ್ನು ಕೊಡಕೂಡದು.