ಕಾರ್ನಿಯಾ ಕಸಿಯ ನಂತರದ ತೊಂದರೆಗಳು: ಲೇಸರ್ ಎಲ್ಲಿ ನೆರವಾಗುತ್ತದೆ?

ಕಾರ್ನಿಯಾ ಕಸಿ ಮಾಡಿಸಿಕೊಂಡು ವರ್ಷ ಕಳೆದಿರುತ್ತದೆ. ಹೊಸ ಕಾರ್ನಿಯಾ ಸ್ವಚ್ಛವಾಗಿದೆ ಎಂದು ವೈದ್ಯರು ಹೇಳುತ್ತಾರೆ. ಆದರೂ ಬಸ್ಸಿನ ಬೋರ್ಡು ಓದಲಾಗುವುದಿಲ್ಲ, ರಾತ್ರಿ ದೀಪಗಳು ಎಳೆದಂತೆ ಉದ್ದುದ್ದ ಕಾಣುತ್ತವೆ. ‘ಆಪರೇಷನ್ ಫೇಲಾಯಿತು’ ಎಂದುಕೊಂಡು ತಪಾಸಣೆಗೆ ಹೋಗುವುದನ್ನೂ ಕಣ್ಣಿಗೆ ಹನಿ ಹಾಕುವುದನ್ನೂ ನಿಲ್ಲಿಸುವವರಿದ್ದಾರೆ. ಇದರಿಂದ ಸರಿಪಡಿಸಬಹುದಾಗಿದ್ದ ಕಣ್ಣೇ ಕೈತಪ್ಪಿ ಹೋಗಬಹುದು. ಕಸಿಯ ನಂತರದ ಹಲವು ತೊಂದರೆಗಳಿಗೆ ಇಂದು ಪರಿಹಾರವಿದೆ. ಅವುಗಳಲ್ಲಿ ಲೇಸರ್ ಕೂಡ ಒಂದು.

ಕಾರ್ನಿಯಾ ಮತ್ತು ಕಸಿ

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರಲ್ಲಿ ರಕ್ತನಾಳಗಳಿಲ್ಲ. ಕಣ್ಣೊಳಗೆ ಹೋಗುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಇದರದ್ದೇ. ಸೋಂಕು, ಗಾಯ, ಸುಣ್ಣ ಅಥವಾ ಆಸಿಡ್ ಬಿದ್ದು ಅದು ಬೆಳ್ಳಗಾದಾಗ, ಇಲ್ಲವೇ ಕೆರಟೋಕೋನಸ್ ಕಾಯಿಲೆಯಿಂದ ಶಂಕುವಿನಂತೆ ಉಬ್ಬಿ ಬೇರೆ ದಾರಿ ಉಳಿಯದಾಗ, ನೇತ್ರದಾನದಿಂದ ಬಂದ ಕಾರ್ನಿಯಾವನ್ನು ಕಸಿ ಮಾಡುತ್ತಾರೆ.

ಮನುಷ್ಯರಲ್ಲಿ ಮೊದಲ ಯಶಸ್ವಿ ಪೂರ್ಣ ಕಾರ್ನಿಯಾ ಕಸಿಯನ್ನು 1905ರ ಡಿಸೆಂಬರ್‌ನಲ್ಲಿ ಮೊರಾವಿಯಾದ ಓಲೊಮೌಟ್ಸ್ ಪಟ್ಟಣದಲ್ಲಿ ಡಾ. ಎಡ್ವರ್ಡ್ ಝಿರ್ಮ್ ಮಾಡಿದರು. ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನೊಬ್ಬನಿಗೆ ಅದರಿಂದ ದೃಷ್ಟಿ ಮರಳಿತು. ಇಂದು ಇಡೀ ಕಾರ್ನಿಯಾದ ಬದಲು ಹಾಳಾದ ಪದರವನ್ನಷ್ಟೇ ಬದಲಿಸುವುದೂ ಸಾಧ್ಯ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಸಿಕ್ಕಿದ್ದು, ಕಾರ್ನಿಯಾವನ್ನು ಮುಂದಿನ ಮತ್ತು ಹಿಂದಿನ ಪದರಗಳಾಗಿ ಬೇರ್ಪಡಿಸಿ ಬಳಸಿದ್ದರಿಂದ.

ಸ್ವಚ್ಛವಾಗಿದ್ದರೂ ಮಂಜೇಕೆ?

ಪೂರ್ಣ ಕಸಿಯಲ್ಲಿ ಸುಮಾರು 8 ಮಿಲಿಮೀಟರ್ ಅಗಲದ ದುಂಡನೆಯ ತುಣುಕನ್ನು ಕೂದಲಿಗಿಂತ ಸಣ್ಣ ನೈಲಾನ್ ದಾರದಿಂದ ಸುತ್ತಲೂ ಹೊಲಿಯುತ್ತಾರೆ. ಹೊಲಿಗೆಯ ಬಿಗಿ ಎಲ್ಲ ಕಡೆ ಒಂದೇ ಸಮ ಇರುವುದು ಕಷ್ಟ. ಗಾಯ ಮಾಯುವುದೂ ಒಂದೇ ಸಮ ಇರುವುದಿಲ್ಲ. ಹೀಗಾಗಿ ಚೆಂಡಿನಂತೆ ದುಂಡಗಿರಬೇಕಾದ ಮೇಲ್ಮೈ ಮೊಟ್ಟೆಯಂತೆ ಒಂದು ದಿಕ್ಕಿಗೆ ಹೆಚ್ಚು ಬಾಗುತ್ತದೆ. ಬೆಳಕು ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದೇ ಆಸ್ಟಿಗ್ಮ್ಯಾಟಿಸಂ. ಕನ್ನಡಕದ ಅಂಗಡಿಯಲ್ಲಿ ‘ಸಿಲಿಂಡರ್ ನಂಬರ್’ ಎನ್ನುವುದು ಇದನ್ನೇ. ಪೂರ್ಣ ಕಸಿಯ ನಂತರ ಬಹಳ ಸಾಮಾನ್ಯವಾಗಿ ಕಾಣುವ ತೊಂದರೆ ಇದು.

ಲೇಸರ್‌ಗಿಂತ ಮೊದಲು

ಮೊದಲು ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ತೆಗೆಯುತ್ತಾರೆ. ಅದಕ್ಕೆ ಟೊಪೊಗ್ರಫಿ ಎಂದು ಹೆಸರು. ಬಿಗಿಯಾಗಿರುವ ಕಡೆಯ ಹೊಲಿಗೆಗಳನ್ನು ಒಂದೊಂದಾಗಿ ತೆಗೆದರೆ ಎಷ್ಟೋ ಮಂದಿಗೆ ದೃಷ್ಟಿ ಸುಧಾರಿಸುತ್ತದೆ. ಉಳಿದದ್ದನ್ನು ಕನ್ನಡಕದಿಂದ ಸರಿಪಡಿಸಬಹುದು. ಅದಕ್ಕೂ ಆಗದಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಬಿಳಿಗುಡ್ಡೆಯ ಮೇಲೆ ಕೂರುವ ಸ್ಕ್ಲೆರಲ್ ಲೆನ್ಸ್ ಇದೆ. ಇವು ಹೊಂದದವರಿಗೆ, ಅಥವಾ ಎರಡು ಕಣ್ಣುಗಳ ನಂಬರ್ ನಡುವೆ ತೀರಾ ಅಂತರವಿದ್ದವರಿಗೆ ಲೇಸರ್‌ನ ಯೋಚನೆ ಬರುತ್ತದೆ. ಎಲ್ಲ ಹೊಲಿಗೆ ತೆಗೆದು ಕೆಲವು ತಿಂಗಳು ಕಳೆದು, ನಂಬರ್ ಬದಲಾಗದೆ ನಿಂತ ಮೇಲಷ್ಟೇ ಇದನ್ನು ಮಾಡುವುದು ಸರಿ. ಅವಸರ ಮಾಡಿದರೆ ಇಂದು ಸರಿಪಡಿಸಿದ್ದು ನಾಳೆ ಮತ್ತೆ ಬದಲಾಗಬಹುದು.

ಲೇಸರ್ ಮಾಡುವ ಕೆಲಸ

ಒಂದು ವಿಧಾನದಲ್ಲಿ ಫೆಮ್ಟೋಸೆಕೆಂಡ್ ಲೇಸರ್‌ನಿಂದ ಕಾರ್ನಿಯಾದ ಹೆಚ್ಚು ಬಾಗಿದ ದಿಕ್ಕಿನಲ್ಲಿ, ಕಸಿಯ ಅಂಚಿನ ಒಳಗೆ, ಬಿಲ್ಲಿನಾಕಾರದ ಗೀರುಗಳನ್ನು ಮಾಡುತ್ತಾರೆ. ಆ ಭಾಗ ಸಡಿಲಗೊಂಡು ಚಪ್ಪಟೆಯಾಗುತ್ತದೆ. ಸಿಲಿಂಡರ್ ಕಡಿಮೆಯಾಗುತ್ತದೆ. ಬ್ಲೇಡ್‌ಗಿಂತ ಇದರಲ್ಲಿ ಗೀರಿನ ಆಳ ಮತ್ತು ಉದ್ದವನ್ನು ಹೆಚ್ಚು ನಿಖರವಾಗಿ ಹಿಡಿಯಬಹುದು. ಆದರೂ ಪ್ರತಿ ಕಣ್ಣು ಮಾಯುವ ರೀತಿ ಬೇರೆಯಾದ್ದರಿಂದ ಫಲಿತಾಂಶ ಲೆಕ್ಕದಂತೆಯೇ ಬರುತ್ತದೆಂಬ ಖಾತರಿಯಿಲ್ಲ.

ಇನ್ನೊಂದು ಎಕ್ಸೈಮರ್ ಲೇಸರ್. ಇದು 193 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣ. ಸುತ್ತಲಿನ ಭಾಗವನ್ನು ಸುಡದೆ ಒಂದು ಮಿಡಿತಕ್ಕೆ ಮೈಕ್ರಾನ್‌ನ ಕಾಲು ಭಾಗದಷ್ಟು ತೆಳುವಾಗಿ ಪಟಲವನ್ನು ಕೆತ್ತುತ್ತದೆ. ಇಂಥ ಲೇಸರ್ ಜೀವಕೋಶಗಳ ಪದರವನ್ನು ಹೀಗೆ ಕೆತ್ತಬಲ್ಲದೆಂದು 1981ರಲ್ಲಿ ಕಂಡುಕೊಂಡ ತಂಡದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಇದ್ದರು. ಪಿಆರ್‌ಕೆ ವಿಧಾನದಲ್ಲಿ ಮೇಲ್ಮೈಯನ್ನೇ ಕೆತ್ತುತ್ತಾರೆ. ಕಸಿಯಾದ ಕಣ್ಣಿನಲ್ಲಿ ಇದರಿಂದ ಮಬ್ಬು ಕಟ್ಟುವ ಸಂಭವವಿರುವುದರಿಂದ ಮೈಟೊಮೈಸಿನ್ ಎಂಬ ಔಷಧಿಯನ್ನು ಕೆಲವೇ ಕ್ಷಣ ಸವರುವುದುಂಟು. ಲೇಸಿಕ್ ವಿಧಾನದಲ್ಲಿ ತೆಳುವಾದ ಮುಚ್ಚಳ ಎತ್ತಿ ಒಳಗೆ ಕೆತ್ತುತ್ತಾರೆ. ಮುಚ್ಚಳ ಮಾಡುವಾಗ ಕಣ್ಣಿನ ಮೇಲೆ ಒತ್ತಡ ಬೀಳುತ್ತದೆ. ಕಸಿಯ ಗಾಯ ಎಂದಿಗೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲವಾದ್ದರಿಂದ ಇಲ್ಲಿ ಹೆಚ್ಚಿನ ಎಚ್ಚರ ಬೇಕು.

ಬೇರೆ ತೊಂದರೆಗಳಲ್ಲೂ ಲೇಸರ್ ಉಪಯೋಗಕ್ಕೆ ಬರುತ್ತದೆ. ಕಸಿಯೊಳಗೆ ರಕ್ತನಾಳಗಳು ಬೆಳೆದರೆ ದೇಹ ಅದನ್ನು ತಿರಸ್ಕರಿಸುವ ಸಂಭವ ಹೆಚ್ಚು. ಅವುಗಳನ್ನು ಆರ್ಗಾನ್ ಲೇಸರ್‌ನಿಂದ ಮುಚ್ಚುವ ಪ್ರಯತ್ನ ಮಾಡಬಹುದು, ಆದರೆ ಅವು ಮತ್ತೆ ತೆರೆದುಕೊಳ್ಳುವುದುಂಟು. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬಂದು, ಹನಿಗಳಿಂದ ಇಳಿಯದಿದ್ದರೆ, ಕಣ್ಣೊಳಗಿನ ದ್ರವ ಉತ್ಪಾದಿಸುವ ಭಾಗದ ಮೇಲೆ ಡಯೋಡ್ ಲೇಸರ್ ಹಾಯಿಸುವುದುಂಟು. ಹಿಂದೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಲೆನ್ಸಿನ ಹಿಂದೆ ಮಬ್ಬು ಕಟ್ಟಿದ್ದರೆ ಯಾಗ್ ಲೇಸರ್ ಅದನ್ನು ನಿವಾರಿಸುತ್ತದೆ.

ಲೇಸರ್‌ನಿಂದ ಆಗದ್ದು

ಕಸಿಯ ದೊಡ್ಡ ಶತ್ರು ರಿಜೆಕ್ಷನ್, ಅಂದರೆ ದೇಹದ ರೋಗನಿರೋಧಕ ಶಕ್ತಿ ಹೊಸ ಕಾರ್ನಿಯಾದ ಮೇಲೆ ದಾಳಿ ಮಾಡುವುದು. ಇದಕ್ಕೆ ಲೇಸರ್ ಮದ್ದಲ್ಲ, ಸ್ಟೀರಾಯ್ಡ್ ಹನಿಗಳೇ ಮದ್ದು. ಕಾರ್ನಿಯಾದ ಒಳಪದರದ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಿ ಆ ಜಾಗ ತುಂಬುವುದಿಲ್ಲ. ಆದ್ದರಿಂದ ತಡಮಾಡಿದಷ್ಟೂ ನಷ್ಟ. ಲೇಸರ್ ಚಿಕಿತ್ಸೆಯೇ ಕೆಲವೊಮ್ಮೆ ರಿಜೆಕ್ಷನ್ ಕೆರಳಿಸಬಹುದು. ಅದಕ್ಕಾಗಿಯೇ ಲೇಸರ್ ನಂತರವೂ ಹನಿಗಳನ್ನು ಹಾಕುತ್ತಿರಬೇಕಾಗುತ್ತದೆ.

ನೆನಪಿಡಿ

• ಕಣ್ಣು ಕೆಂಪಾಗುವುದು, ಬೆಳಕು ಸಹಿಸದಿರುವುದು, ದೃಷ್ಟಿ ಮಂಕಾಗುವುದು, ನೋವು: ಈ ನಾಲ್ಕರಲ್ಲಿ ಒಂದು ಕಂಡರೂ ಆ ದಿನವೇ ಕಣ್ಣಿನ ವೈದ್ಯರನ್ನು ಕಾಣಿರಿ. ಕಸಿಯಾಗಿ ಹತ್ತು ವರ್ಷವಾಗಿದ್ದರೂ ಈ ಮಾತು ಅನ್ವಯಿಸುತ್ತದೆ.

• ಹನಿಗಳನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ. ಸ್ಟೀರಾಯ್ಡ್ ಹನಿ ಅತಿಯಾದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರಬಹುದು.

• ಕಣ್ಣು ಉಜ್ಜಬೇಡಿ. ಪೆಟ್ಟು ಬೀಳುವ ಆಟ, ಕೆಲಸಗಳಲ್ಲಿ ರಕ್ಷಣಾ ಕನ್ನಡಕ ಧರಿಸಿ.

• ಚಿಕಿತ್ಸೆಯ ಮೊದಲ ದಿನಗಳಲ್ಲಿ ಸ್ನಾನ ಮಾಡುವಾಗ, ವುಝೂ ಮಾಡುವಾಗ ಕಣ್ಣೊಳಗೆ ನೀರು ಹೋಗದಂತೆ ನೋಡಿಕೊಳ್ಳಿ. ಸುಜೂದ್‌ಗೆ ಬಗ್ಗುವುದನ್ನು ಯಾವಾಗ ಆರಂಭಿಸಬಹುದು ಎಂದು ವೈದ್ಯರನ್ನು ಕೇಳಿ.

• ಲೇಸರ್‌ಗೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ: ನನ್ನ ನಂಬರ್ ಸ್ಥಿರವಾಗಿದೆಯೇ? ಕಾರ್ನಿಯಾದ ದಪ್ಪ, ಒಳಪದರದ ಕೋಶಗಳು ಸಾಕಷ್ಟಿವೆಯೇ? ಆ ಬಳಿಕವೂ ಕನ್ನಡಕ ಬೇಕಾಗುತ್ತದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ‘ಹೌದು’ ಎಂದೇ ಇರುತ್ತದೆ. ಕನ್ನಡಕದಿಂದಲೂ ಕಾಣದಿದ್ದ ಕಣ್ಣು ಕನ್ನಡಕದಿಂದ ಚೆನ್ನಾಗಿ ಕಾಣುವಂತಾದರೆ, ಅದೇ ಈ ಚಿಕಿತ್ಸೆಯ ಯಶಸ್ಸು.