ಮಸೂರವಿಲ್ಲದ ಶೋಧಕ ದಿಕ್ಕನ್ನು ಹೇಳುವುದು ಹೇಗೆ?

ತರಗತಿ: 10. ವಿಷಯ: ವಿಜ್ಞಾನ (ಪೂರಕ ಪಾಠ). ಪೂರ್ವಜ್ಞಾನ: ಬೆಳಕಿನ ವೇಗ, ಕೊಸೈನ್ ಅನುಪಾತ.

ವಿದ್ಯಾರ್ಥಿಗಳಿಗೆ ಗಾಮಾ ಕಿರಣವೆಂದರೆ ವಿದ್ಯುತ್ಕಾಂತೀಯ ರೋಹಿತದ ಕೊನೆಯಲ್ಲಿರುವ ಒಂದು ಹೆಸರು ಮಾತ್ರ. ಸಾಕ್ಷ್ಯದಿಂದ ತೀರ್ಮಾನಕ್ಕೆ ಬರುವ ಬಗೆಯನ್ನು ಇದೇ ವಿಷಯದಿಂದ ಕಲಿಸಬಹುದು.

ಹಿನ್ನೆಲೆ: 1963ರಲ್ಲಿ ವಾತಾವರಣ, ಬಾಹ್ಯಾಕಾಶ ಹಾಗೂ ನೀರಿನಡಿಯಲ್ಲಿ ಪರಮಾಣು ಪರೀಕ್ಷೆ ನಿಷೇಧಿಸುವ ಒಪ್ಪಂದವಾಯಿತು. ಕದ್ದು ನಡೆಸುವ ಪರೀಕ್ಷೆಗಳನ್ನು ಪತ್ತೆಹಚ್ಚಲು ಅಮೆರಿಕವು ಅದೇ ವರ್ಷದಿಂದ ವೇಲಾ ಉಪಗ್ರಹಗಳನ್ನು ಜೋಡಿಜೋಡಿಯಾಗಿ ಹಾರಿಸಿತು. 1967ರ ಜುಲೈ 2ರಂದು ಅವು ದಾಖಲಿಸಿದ ಗಾಮಾ ಮಿಂಚು ಬಾಂಬಿನ ಲಕ್ಷಣವನ್ನು ಹೋಲಲಿಲ್ಲ. ಹಾಗಾದರೆ ಅದು ಬಂದದ್ದು ಎಲ್ಲಿಂದ?

ಹಂತ 1: ಗಾಮಾ ಕಿರಣಗಳನ್ನು ವಾತಾವರಣ ಹೀರಿಕೊಳ್ಳುವುದರಿಂದ ಶೋಧಕ ಬಾಹ್ಯಾಕಾಶದಲ್ಲಿರಬೇಕು. ಸಾಮಾನ್ಯ ಮಸೂರ ಈ ಕಿರಣಗಳನ್ನು ಕೇಂದ್ರೀಕರಿಸಲಾರದು. ಶೋಧಕದ ಹರಳಿಗೆ ಗಾಮಾ ಕಿರಣ ಬಡಿದಾಗ ಹರಳು ಕ್ಷಣಕಾಲ ಮಿನುಗುತ್ತದೆ. ಆ ಮಿನುಗು ವಿದ್ಯುತ್ ಸಂಕೇತವಾಗುತ್ತದೆ. ವೇಲಾದಂತಹ ಶೋಧಕ ಕಿರಣ 'ಯಾವಾಗ' ಬಂತೆಂದು ಹೇಳುತ್ತದೆ, 'ಎಲ್ಲಿಂದ' ಎಂದು ಹೇಳುವುದಿಲ್ಲ.

ಹಂತ 2: ಕಪ್ಪುಹಲಗೆಯ ಮೇಲೆ ಅ, ಆ ಎಂಬ ಎರಡು ಉಪಗ್ರಹಗಳನ್ನು ಬರೆಯಿರಿ. ನಡುವಿನ ಅಂತರ 2,40,000 ಕಿ.ಮೀ. ಎಂದಿರಲಿ. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಆದ್ದರಿಂದ ಗರಿಷ್ಠ ವಿಳಂಬ 0.8 ಸೆಕೆಂಡು. ಮಿಂಚು ಅ ತಲುಪಿದ 0.4 ಸೆಕೆಂಡಿನ ನಂತರ ಆ ತಲುಪಿದರೆ, ಕೊಸೈನ್ ಬೆಲೆ 0.4 ÷ 0.8 = ½, ಕೋನ 60°. ಅಂದರೆ ಆ–ಅ ರೇಖೆಗೆ 60° ಓರೆಯಾದ ದಿಕ್ಕಿನಿಂದ ಮಿಂಚು ಬಂದಿದೆ. ಪೆನ್ಸಿಲನ್ನು ಅದೇ ಓರೆಯಲ್ಲಿ ರೇಖೆಯ ಸುತ್ತ ತಿರುಗಿಸಿ ತೋರಿಸಿ: ಸಿಗುವುದು ಒಂದು ಬಿಂದುವಲ್ಲ, ಆಕಾಶದಲ್ಲಿ ಒಂದು ವೃತ್ತ. ಅದನ್ನು ಕಿರಿದಾಗಿಸಲು ಇನ್ನಷ್ಟು ಉಪಗ್ರಹಗಳು ಬೇಕು.

ಹಂತ 3: ಆಗ ಸೂರ್ಯ ಈ ರೇಖೆಗೆ 90° ದಿಕ್ಕಿನಲ್ಲಿದ್ದರೆ, ಸೂರ್ಯನಿಂದ ಬಂದ ಮಿಂಚಿನ ವಿಳಂಬ ಎಷ್ಟಿರಬೇಕು? 'ಸೊನ್ನೆ' ಎಂದು ವಿದ್ಯಾರ್ಥಿಗಳೇ ಹೇಳಲಿ. ಅಳತೆ 0.4 ಆಗಿರುವುದರಿಂದ ಸೂರ್ಯ ಮೂಲವಲ್ಲ. ಇಂಥದೇ ತರ್ಕದಿಂದ ಲಾಸ್ ಅಲಾಮೋಸ್‌ನ ವಿಜ್ಞಾನಿಗಳು ಭೂಮಿ, ಸೂರ್ಯ ಎರಡನ್ನೂ ಕೈಬಿಟ್ಟು, 1973ರಲ್ಲಿ 16 ಸ್ಫೋಟಗಳ ವರದಿ ಪ್ರಕಟಿಸಿದರು.

ಮೌಲ್ಯಮಾಪನ: ಅದೇ ಅಂತರದಲ್ಲಿ ವಿಳಂಬ 1 ಸೆಕೆಂಡು ಎಂದು ದಾಖಲಾದರೆ ಏನು ಹೇಳುವಿರಿ? (ಎರಡೂ ಒಂದೇ ಮಿಂಚಲ್ಲ, ಇಲ್ಲವೇ ಗಡಿಯಾರ ತಪ್ಪಿದೆ.)

ಶಿಕ್ಷಕರಿಗೆ ಸೂಚನೆ: 'ಇವು ದೂರದ ಗೆಲಾಕ್ಸಿಗಳಿಂದ ಬರುತ್ತವೆ' ಎಂದು ಆರಂಭದಲ್ಲೇ ಹೇಳಿಬಿಡಬೇಡಿ. ವೇಲಾ ಅಳತೆ ದಿಕ್ಕಿನ ಸುಳಿವು ಕೊಟ್ಟಿತೇ ಹೊರತು ದೂರವನ್ನು ತಿಳಿಸಲಿಲ್ಲ. ಬೆಪ್ಪೋಸ್ಯಾಕ್ಸ್ ಉಪಗ್ರಹ ಸ್ಫೋಟದ ನಂತರದ ಮಂದ ಹೊಳಪನ್ನು ಗುರುತಿಸಿದ ಮೇಲೆ, 1997ರಲ್ಲಷ್ಟೇ ದೂರ ಖಚಿತವಾಯಿತು. ಒಂದು ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ವಿವೇಚನೆಯೇ ಈ ಪಾಠದ ಮುಖ್ಯ ಕಲಿಕೆ.